ಬಿದ್ದ ಮನೆಗಳ ಇಟ್ಟಿಗೆ ಆರಿಸುವ ಊರು: ಕಾಠ್ಮಂಡುವಿನಲ್ಲಿ ಒಂದು ತಿಹಾರ್ ವಾರ

ಸೋಮವಾರ, ನವೆಂಬರ್ 9, 2015

ದೆಹಲಿಯಿಂದ ಹೊರಟ ವಿಮಾನದಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಅದು ತಿಹಾರ್ ವಾರ, ಅಂದರೆ ನೇಪಾಳದವರ ದೀಪಾವಳಿ. ನವೆಂಬರ್ ಅಂದರೆ ನೇಪಾಳಕ್ಕೆ ಸೀಸನ್. ಮೋಡ ಸರಿದು ಹಿಮಾಲಯ ನಿಚ್ಚಳವಾಗಿ ಕಾಣುವ ತಿಂಗಳು. ಆದರೆ ಏಪ್ರಿಲ್ 25ರ ಭೂಕಂಪದ ಸುದ್ದಿ ನೋಡಿದವರು ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಸಾಲದ್ದಕ್ಕೆ ಸೆಪ್ಟೆಂಬರಿನಿಂದ ಗಡಿಯಲ್ಲಿ ಲಾರಿಗಳು ನಿಂತುಬಿಟ್ಟಿದ್ದವು. ಹೊಸ ಸಂವಿಧಾನ ಬಂದ ಮೇಲೆ ಭಾರತದ ಗಡಿಗೆ ಅಂಟಿದ ತಗ್ಗು ಬಯಲು ತರಾಯಿಯ ಮಧೇಶಿ ಜನ ಚಳವಳಿಗೆ ಇಳಿದಿದ್ದರು. ರಕ್ಸೌಲ್–ಬೀರ್‌ಗಂಜ್ ದಾರಿ ಬಂದ್. ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ. ನಾವು ಮುಚ್ಚಿಲ್ಲ ಅಂತ ಭಾರತ ಹೇಳುತ್ತಿತ್ತು. ಅದನ್ನು ನಂಬುವವರು ಕಾಠ್ಮಂಡುವಿನಲ್ಲಿ ನಮಗೆ ಒಬ್ಬರೂ ಸಿಗಲಿಲ್ಲ.

ಇಂಥ ಹೊತ್ತಲ್ಲಿ ಹೊರಟಿದ್ದು ಸೋದರಮಾವನ ಹಟದಿಂದ. ಮಾಮಾ ರಿಟೈರ್ ಆದ ಮೇಷ್ಟ್ರು. ಆಳಂದ ಕಡೆಯವರು. ಪಶುಪತಿನಾಥನಿಗೆ ಹರಕೆ ಹೊತ್ತಿದ್ದರು. ಮೇ ತಿಂಗಳಿಗೆ ಮಾಡಿಸಿದ್ದ ಟಿಕೆಟ್ ರದ್ದಾಗಿತ್ತು. "ದೇವರು ಅಲ್ಲೇ ಇದ್ದಾನಲ್ಲ, ಗುಡಿ ಬಿದ್ದಿಲ್ಲ ಅಂತ ಟೀವಿಯಲ್ಲೇ ತೋರಿಸಿದ್ರು. ಇನ್ನೇನು ಕಾಯೋದು?" ಅಂದರು. ನಾನು ಕಲಬುರಗಿಯಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿರುವವನು. ನನಗೆ ಗುಡಿಗಿಂತ ಗೋಡೆ ಮೇಲೆ ಕಣ್ಣು. ಯಾವ ಕಟ್ಟಡ ಬಿತ್ತು, ಪಕ್ಕದ್ದು ಯಾಕೆ ಉಳಿಯಿತು, ಬಿದ್ದದ್ದನ್ನೆಲ್ಲ ಏನು ಮಾಡಿದರು ಅಂತ ನೋಡುವ ಆಸೆ.

ವಿಮಾನ ಕೆಳಗಿಳಿಯುವಾಗ ನೀಲಿ, ಕಿತ್ತಳೆ ಬಣ್ಣದ ತಾಡಪಾಲುಗಳು ಕಂಡವು. ತಗಡಿನ ಶೀಟುಗಳು ಬಿಸಿಲಿಗೆ ಮಿರಮಿರ ಹೊಳೆಯುತ್ತಿದ್ದವು. ಊರು ಮಾತ್ರ ನಿಂತಿತ್ತು. ಇದನ್ನು ಹೇಳಲೇಬೇಕು. ಟೀವಿ ನೋಡಿದವರಿಗೆ ಕಾಠ್ಮಂಡು ಪೂರ್ತಿ ನೆಲಸಮ ಅನ್ನಿಸಿತ್ತು. ನನಗೂ ಹಾಗೇ. ಟ್ಯಾಕ್ಸಿಯಲ್ಲಿ ಹೋಗುವಾಗ ಬೀದಿಗೆ ಬೀದಿಯೇ ಸರಿಯಾಗಿದ್ದವು. ನಾಲ್ಕು, ಐದು ಮಹಡಿ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನಡುವೆ ಇದ್ದಕ್ಕಿದ್ದಂತೆ ಒಂದು ಖಾಲಿ ಜಾಗ, ಅದರ ತುಂಬ ಇಟ್ಟಿಗೆ ರಾಶಿ. ಮತ್ತೆ ಸಾಲು ಮನೆ.

ಡ್ರೈವರ್ ಮೊದಲು ಕೇಳಿದ್ದು, "ಬಾರ್ಡರ್ ಯಾವಾಗ ಬಿಡ್ತೀರಿ?" ಅಂತ. ನಮ್ಮ ಕೈಯಲ್ಲಿ ಏನಿದೆ! ಬಾಡಿಗೆ ಮಾಮೂಲಿಗಿಂತ ಎಷ್ಟೋ ಪಟ್ಟು. ಬ್ಲ್ಯಾಕಿನಲ್ಲಿ ಕೊಂಡ ಪೆಟ್ರೋಲು, ಪಾಪ ಅವನೇನು ಮಾಡಾನು. ಹೋಟೆಲಿನಲ್ಲಿ ಅಡುಗೆ ತಾರಸಿ ಮೇಲೆ ಸೌದೆ ಒಲೆಯಲ್ಲಿ ನಡೆಯುತ್ತಿತ್ತು. ಮೆನು ಕಾರ್ಡು ಕೊಟ್ಟು, "ಇದರಲ್ಲಿ ದಾಲ್ ಭಾತ್ ಮಾತ್ರ ಇದೆ" ಅಂದರು. ಒಲೆಗೆ ಹಾಕುತ್ತಿದ್ದ ಸೌದೆ ನೋಡಿದೆ. ಹಳೇ ತೊಲೆಯ ತುಂಡುಗಳು. ಒಂದಕ್ಕೆ ಇನ್ನೂ ಮರದ ಬೆಣೆ ಸಿಕ್ಕಿಕೊಂಡಿತ್ತು. ಯಾರದೋ ಮನೆಯ ಅಟ್ಟ ಅದು.

ಸಂಜೆ ನಡೆದುಕೊಂಡೇ ಧರಹರಾ ನೋಡಲು ಹೋದೆವು. ಭೀಮಸೇನ ಥಾಪಾ ಕಟ್ಟಿಸಿದ ಬಿಳಿ ಗೋಪುರ. 1934ರ ಭೂಕಂಪದಲ್ಲಿ ಒಮ್ಮೆ ಮುರಿದು, ಮತ್ತೆ ಎಬ್ಬಿಸಿದ್ದು. ಒಂಬತ್ತು ಅಂತಸ್ತು, ಒಳಗೆ ಸುತ್ತು ಸುತ್ತಿ ಹತ್ತಲು 213 ಮೆಟ್ಟಿಲು. ಈಗ ಉಳಿದಿದ್ದು ಬುಡದ ಮೋಟು ಮಾತ್ರ. ಏಪ್ರಿಲ್ 25 ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರವೇ. ಬೆಳಿಗ್ಗೆ 11:56ಕ್ಕೆ ಭೂಮಿ ಅಲುಗಿದಾಗ ಟಿಕೆಟ್ ತೆಗೆದುಕೊಂಡು ಮೇಲೆ ಹತ್ತಿದ್ದವರು ಬಹಳ ಜನ. ಅದೇ ಶನಿವಾರ ಶಾಲೆಗಳಿಗೂ ರಜೆ ಕೊಟ್ಟಿತ್ತು. ದೇಶದಲ್ಲಿ ಸಾವಿರಾರು ಶಾಲಾ ಕೊಠಡಿಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ಮೇಷ್ಟ್ರಾಗಿದ್ದ ಮಾಮಾ ಈ ಮಾತು ಕೇಳಿ ಸ್ವಲ್ಪ ಹೊತ್ತು ಅಲ್ಲೇ ಕಟ್ಟೆ ಮೇಲೆ ಕೂತರು.

ಮಂಗಳವಾರ, ನವೆಂಬರ್ 10

ನಮಗೆ ನರಕ ಚತುರ್ದಶಿ. ಇಲ್ಲಿ ಕುಕುರ್ ತಿಹಾರ್, ನಾಯಿಗಳ ಹಬ್ಬ. ಬೀದಿನಾಯಿಗಳಿಗೂ ಹಣೆಗೆ ಕುಂಕುಮ, ಕೊರಳಿಗೆ ಚೆಂಡು ಹೂವಿನ ಮಾಲೆ. ಗ್ಯಾಸಿಲ್ಲದ ಊರಲ್ಲಿ ನಾಯಿಗಳಿಗೆ ಮಾತ್ರ ಆವತ್ತು ಭರ್ಜರಿ ಊಟ.

ಬಸಂತಪುರದ ದರ್ಬಾರ್ ಚೌಕಕ್ಕೆ ಬಂದಾಗ ನನಗೆ ದಿಕ್ಕೇ ತಿಳಿಯಲಿಲ್ಲ. ಫೋಟೋದಲ್ಲಿ ನೋಡಿದ್ದ ಗುಡಿಗಳು ಇರಬೇಕಾದ ಕಡೆ ಬರೀ ಮೆಟ್ಟಿಲು. ಮಾಜು ದೇಗದ ಒಂಬತ್ತು ಹಂತದ ಕಟ್ಟೆ ಹಾಗೇ ಇದೆ, ಮೇಲೆ ಆಕಾಶ. ತ್ರೈಲೋಕ್ಯ ಮೋಹನ ನಾರಾಯಣನ ಗುಡಿ ಇಲ್ಲ, ಅದರೆದುರು ಮಂಡಿಯೂರಿದ ಕಲ್ಲಿನ ಗರುಡ ಮಾತ್ರ ಕೈಮುಗಿದು ಕೂತಿದ್ದಾನೆ. "ಎದುರಿಗೆ ದೇವರೇ ಇಲ್ಲ, ಇವನು ಯಾರಿಗಪ್ಪ ಕೈ ಮುಗೀತಿದ್ದಾನೆ?" ಅಂದರು ಮಾಮಾ. ಒಂಬತ್ತು ಮಹಡಿಯ ಬಸಂತಪುರ ಅರಮನೆ ಮೇಲಿನ ಭಾಗ ಕಳೆದುಕೊಂಡಿದೆ. ಪಕ್ಕದ ಗದ್ದಿ ಬೈಠಕ್ 1908ರಲ್ಲಿ ವಿಲಾಯತಿ ಶೈಲಿಯಲ್ಲಿ ಕಟ್ಟಿದ ಬಿಳಿ ಕಟ್ಟಡ. ಅದಕ್ಕೆ ಮರದ ಊರೆಗಳನ್ನು ಕೊಟ್ಟು ನಿಲ್ಲಿಸಿದ್ದರು. ಆದರೆ ಕುಮಾರಿ ಘರ್‌ಗೆ ಏನೂ ಆಗಿಲ್ಲ. ಜೀವಂತ ದೇವಿ ವಾಸ ಮಾಡುವ ಮನೆ ಅಲ್ವಾ, ಜನ ಅದಕ್ಕೆ ಕೊಡುವ ಕಾರಣವೇ ಬೇರೆ.

ಕಾಷ್ಠಮಂಡಪದ ಜಾಗದಲ್ಲಿ ತಗಡಿನ ಬೇಲಿ ಹಾಕಿದ್ದರು. ಒಂದೇ ಮರದ ದಿಮ್ಮಿಯಿಂದ ಕಟ್ಟಿದ್ದು ಅಂತ ಪ್ರತೀತಿ ಇರುವ ಮಂಟಪ, ಊರಿಗೆ ಹೆಸರು ಕೊಟ್ಟದ್ದೇ ಅದು. ಭೂಕಂಪದ ಹೊತ್ತಿಗೆ ಒಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತಂತೆ. ರಕ್ತ ಕೊಡಲು ಬಂದು ಮಲಗಿದ್ದವರ ಮೇಲೆಯೇ ಬಿತ್ತು. ಮೊದಲ ದಿನಗಳಲ್ಲಿ ಸೈನಿಕರು, ಪೊಲೀಸರು, ಊರಿನ ಹುಡುಗರು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿ ರಾಶಿ ತೆಗೆದರು. ಆಮೇಲೆ ಪುರಾತತ್ವದವರು ಅಗೆದು ನೋಡಿದಾಗ ಗೊತ್ತಾಯಿತು, ಅಡಿಪಾಯ ಗಟ್ಟಿಯಾಗೇ ಇತ್ತು. ಅದೂ ಏಳನೇ ಶತಮಾನದಷ್ಟು ಹಳೇದು. ಜನ ಅಂದುಕೊಂಡಿದ್ದಕ್ಕಿಂತ ಐನೂರು ವರ್ಷ ಹಿಂದಿನದು.

ನನ್ನ ಕಣ್ಣು ಹೋಗಿದ್ದು ಚೌಕದ ಪಕ್ಕದ ಅಂಗಳಕ್ಕೆ. ಅಲ್ಲಿ ಬಿದ್ದ ಗುಡಿಗಳ ಮರದ ಸಾಮಾನು ಜೋಡಿಸಿಟ್ಟಿದ್ದರು. ತೊಲೆ ಒಂದು ಕಡೆ, ಕಂಬ ಒಂದು ಕಡೆ. ಸೂರಿಗೆ ಆನಿಸುವ ಕೆತ್ತನೆಯ ಊರೆಗಳು, ಇವರು ತುಂಡಾಲ್ ಅನ್ನುತ್ತಾರೆ, ಸಾಲಾಗಿ ಒರಗಿಸಿದ್ದವು. ಕೆಲವಕ್ಕೆ ನಂಬರು ಬರೆದಿತ್ತು. ಒಂದು ದೇವಿಯ ಮುಖದ ಅರ್ಧ ಹೋಗಿ ಬಿಳಿ ಮರ ಕಾಣುತ್ತಿತ್ತು. ತುದಿಯ ಕೂಸು, ಅಂದರೆ ತೂತಿನಲ್ಲಿ ಕೂರುವ ಮರದ ನಾಲಿಗೆ, ಮಾತ್ರ ಹೊಸದಾಗಿ ಕೊರೆದಂತಿತ್ತು. ನೂರಾರು ವರ್ಷ ಗಾಳಿ ಬೆಳಕು ಕಾಣದೆ ಗೋಡೆಯೊಳಗೆ ಕೂತಿದ್ದ ಭಾಗ ಅದು. ಉಳಿಯ ಗೆರೆ ಬೆರಳಿಗೆ ತಾಗುತ್ತಿತ್ತು. ಕಾವಲಿನವನು ಒಮ್ಮೆ ಕೆಮ್ಮಿದ. ಕೈ ತೆಗೆದೆ.

ನಮ್ಮಲ್ಲಾಗಿದ್ದರೆ ಜೆಸಿಬಿ ತರಿಸಿ ಎರಡೇ ದಿನದಲ್ಲಿ ಜಾಗ ಚೊಕ್ಕ ಮಾಡುತ್ತಿದ್ದರು. ಇಲ್ಲೂ ಕೆಲವು ಕಡೆ ಹಾಗೆ ಮಾಡಿದ್ದಾರೆ. ಬಲ್ಲವರು ಅದಕ್ಕೆ ಇನ್ನೂ ಬೈಯುತ್ತಾರೆ. ಬಿದ್ದ ಗುಡಿ ಅಂದರೆ ಬಿಡಿಭಾಗ ಅಷ್ಟೂ ಅಲ್ಲೇ ಬಿದ್ದಿರುವ ಗುಡಿ. ಅದನ್ನು ಬಕೆಟ್ಟಿನಲ್ಲಿ ಎತ್ತಿ ಟಿಪ್ಪರಿಗೆ ಸುರಿದರೆ ಆಗ ಅದು ನಿಜವಾಗಿ ಸತ್ತಂತೆ.

ಬುಧವಾರ, ನವೆಂಬರ್ 11

ಭಕ್ತಪುರ. ಈ ದಿನದ್ದು ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಬಸ್ಸಿನ ಒಳಗೆ ಕಾಲಿಡಲು ಜಾಗವಿಲ್ಲ, ಮೇಲೂ ಜನ. ಡೀಸೆಲ್ ಇಲ್ಲದೆ ಓಡುತ್ತಿದ್ದ ಬಸ್ಸುಗಳೇ ಕಡಿಮೆ. ದಾರಿಯಲ್ಲಿ ಇಟ್ಟಿಗೆ ಗೂಡುಗಳು. ಕಣಿವೆಯ ಬಹಳ ಗೂಡುಗಳ ಚಿಮಣಿ ಭೂಕಂಪದಲ್ಲಿ ಮುರಿದಿದ್ದವು. ಇಡೀ ಊರಿಗೆ ಇಟ್ಟಿಗೆ ಬೇಕಾದ ವರ್ಷವೇ ಇಟ್ಟಿಗೆ ಸುಡುವವರ ಚಿಮಣಿ ಬಿದ್ದರೆ ಹೇಗೆ?

ಭಕ್ತಪುರದಲ್ಲಿ ವತ್ಸಲಾ ದುರ್ಗೆಯ ಕಲ್ಲಿನ ಗುಡಿ ಪೂರ್ತಿ ಬಿದ್ದಿತ್ತು. ಫಸಿದೇಗ ಅನ್ನುವ ಗುಡಿಯೂ ಇಲ್ಲ. ಆದರೆ ತೌಮಧಿ ಚೌಕದ ನ್ಯಾತಪೋಲ ನಿಂತೇ ಇತ್ತು. ಐದು ಸೂರುಗಳ ಗುಡಿ, 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ್ದು. ಕಣಿವೆಯಲ್ಲೇ ಎತ್ತರದ ಗುಡಿ ಇದು. ಎತ್ತರದ್ದು ಮೊದಲು ಬೀಳಬೇಕಿತ್ತಲ್ಲ ಅಂತ ಯಾರಾದರೂ ಕೇಳಿಯಾರು. ಮೆಟ್ಟಿಲ ಎರಡೂ ಬದಿಗೆ ಪೈಲ್ವಾನರು, ಅವರ ಮೇಲೆ ಆನೆ, ಸಿಂಹ, ಮತ್ತೂ ಮೇಲೆ ದೇವತೆಗಳು. ಒಂದೊಂದು ಜೋಡಿಗೆ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲ ಅಂತ ನಂಬಿಕೆ. ನನಗೆ ಕಂಡ ಬಲ ಬೇರೆ. ಐದು ಹಂತದ ಅಗಲ ಕಟ್ಟೆ, ಮೇಲಕ್ಕೆ ಹೋದಂತೆ ಕಿರಿದಾಗುವ ಮೈ, ಗೋಡೆಯ ಸುತ್ತ ಕಟ್ಟು ಹಾಕಿದ ಮರ. ನಾಲ್ಕೂ ಕಡೆ ಒಂದೇ ಸಮ. ಮೇಲಿನ ಅಂತಸ್ತಿಗೆ ಸ್ವಲ್ಪ ಪೆಟ್ಟಾಗಿತ್ತು, ಅಷ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ಆ ಭೂಕಂಪ 7.8ರದ್ದು. ಕೇಂದ್ರ ಗೋರ್ಖಾ ಜಿಲ್ಲೆಯ ಬರ್ಪಾಕ್. ಕಾಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲಕ್ಕೆದ್ದಿತು. ಇಷ್ಟಾದರೂ ಊರು ಪೂರ್ತಿ ಬೀಳಲಿಲ್ಲ ಯಾಕೆ? ಈ ಕಣಿವೆ ಒಂದು ಕಾಲಕ್ಕೆ ಕೆರೆ. ಕೆಳಗೆ ನೂರಾರು ಮೀಟರ್ ಕಪ್ಪು ಜೇಡಿಮಣ್ಣು. ಆವತ್ತು ನೆಲ ಗಡಗಡ ನಡುಗುವ ಬದಲು ನಿಧಾನಕ್ಕೆ ತೂಗಿತು. ಒಂದು ತೂಗಿಗೆ ನಾಲ್ಕೈದು ಸೆಕೆಂಡು. ಉಯ್ಯಾಲೆ ಹಿಂದಕ್ಕೆ ಬಂದ ಹೊತ್ತಿಗೇ ತಳ್ಳಿದರೆ ಜೀಕು ಜೋರಾಗುತ್ತದಲ್ಲ, ಹೊತ್ತು ತಪ್ಪಿಸಿ ತಳ್ಳಿದರೆ ಏನೂ ಆಗುವುದಿಲ್ಲ. ಎರಡು ಮೂರು ಮಹಡಿ ಮನೆ ತನ್ನಷ್ಟಕ್ಕೆ ಅಲುಗುವುದು ಸೆಕೆಂಡಿಗೂ ಕಡಿಮೆ ಹೊತ್ತಲ್ಲಿ. ನೆಲದ ತೂಗಿಗೂ ಅದಕ್ಕೂ ತಾಳ ಕೂಡಲಿಲ್ಲ. ಹಾಗಾಗಿ ಬಹಳಷ್ಟು ಸಣ್ಣ ಮನೆ ಬಚಾವಾದವು. ಕಟ್ಟಿದವರ ಕೈಗುಣಕ್ಕಿಂತ ಇದು ಅದೃಷ್ಟ. ಮುಂದಿನ ಸಲ ನೆಲ ಬೇರೆ ತಾಳ ಹಿಡಿದರೆ? "ನಮ್ಮ ಮನೆ ತಡ್ಕೊಂಡಿತು, ಗಟ್ಟಿ ಇದೆ" ಅನ್ನುವ ಮಾತು ಎಲ್ಲ ಕಡೆ ಕೇಳಿದೆ. ಪ್ರತಿ ಸಲವೂ ನನಗೆ ಕಸಿವಿಸಿ.

ಭಕ್ತಪುರದ ಹಳೇ ಮನೆಗಳಿಗೆ ಆ ಅದೃಷ್ಟವೂ ಇರಲಿಲ್ಲ. ಹಿಂದಿನ ಓಣಿಗಳಿಗೆ ಹೋದರೆ ಎರಡೂ ಬದಿ ಇಟ್ಟಿಗೆ ಗುಡ್ಡೆ, ನಡುವೆ ಒಬ್ಬರು ನಡೆಯುವಷ್ಟು ದಾರಿ. ನಿಂತ ಗೋಡೆಗಳಿಗೆ ಓಣಿಯ ಈ ಬದಿಯಿಂದ ಆ ಬದಿಗೆ ಅಡ್ಡ ಮರ ಕೊಟ್ಟಿದ್ದರು. ಬಾಗಿಲುಗಳ ಮೇಲೆ ಕೆಂಪು ಸ್ಟಿಕರ್. ಇಂಜಿನಿಯರುಗಳು ಮನೆ ಮನೆ ತಿರುಗಿ ಅಂಟಿಸಿದ್ದು. ಹಸಿರು ಇದ್ದರೆ ಇರಬಹುದು, ಹಳದಿ ಇದ್ದರೆ ರಿಪೇರಿ, ಕೆಂಪು ಇದ್ದರೆ ಒಳಗೆ ಹೋಗಬೇಡಿ. ಕೆಂಪು ಸ್ಟಿಕರಿನ ಮನೆಯ ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ ಕಂಡಿತು. ಚಳಿ ಶುರುವಾಗಿದೆ, ತಗಡಿನ ಶೆಡ್ಡಿನಲ್ಲಿ ಮಕ್ಕಳು ಕೆಮ್ಮುತ್ತವೆ, ಜನ ರಾತ್ರಿ ಮಲಗಲು ಸುಮ್ನೆ ಒಳಗೆ ಹೋಗಿಬಿಡುತ್ತಾರೆ.

ಮುರಿದ ಗೋಡೆಯ ಅಂಚು ನೋಡಿದರೆ ಒಳಗಿನ ಕತೆ ಗೊತ್ತಾಗುತ್ತದೆ. ಹೊರಗಡೆ ನುಣುಪಾದ ಕೆಂಪು ಇಟ್ಟಿಗೆ. ಹಿಂದಕ್ಕೆ ಸಪೂರ ಆಗುವ ಹಾಗೆ ಮಾಡಿದ್ದು, ಎರಡು ಇಟ್ಟಿಗೆ ನಡುವೆ ಗಾರೆ ಕಾಣಬಾರದು ಅಂತ. ನೋಡಲು ಬಲು ಚೆಂದ. ಒಳಗಡೆ ಹಸಿ ಇಟ್ಟಿಗೆ. ನಡುವೆ ಮಣ್ಣು, ಚೂರು. ಹೊರ ಮೈಗೂ ಒಳ ಮೈಗೂ ಹಿಡಿತವೇ ಇಲ್ಲ. ಗೋಡೆ ತೂಗಿದಾಗ ಹೊರಗಿನ ಪದರ ಸಿಪ್ಪೆಯ ಹಾಗೆ ಕಳಚಿ ಓಣಿಗೆ ಬಿತ್ತು. ಓಡಿ ಹೊರಗೆ ಬಂದವರ ಮೇಲೆ. ಮಾಮಾ ಆ ಗೋಡೆ ನೋಡಿ, "ಕಿಲ್ಲಾರಿಯದ್ದೂ ಇದೇ ಅಲ್ಲೇನೋ" ಅಂದರು.

ಕಿಲ್ಲಾರಿ ಮಹಾರಾಷ್ಟ್ರದ ಊರು, ನಮ್ಮ ಗಡಿಗೆ ಹತ್ತಿರ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆ ಹೊತ್ತು. ಗಣಪತಿ ಬಿಟ್ಟು ಬಂದು ಸುಸ್ತಾಗಿ ಮಲಗಿದ್ದ ಜನ. ಭೂಕಂಪ ಇದರ ಮುಂದೆ ಸಣ್ಣದು, 6.2. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ನೇಪಾಳದಲ್ಲಿ ಅಷ್ಟು ದೊಡ್ಡದು ಆಗಿ ಸತ್ತವರು ಒಂಬತ್ತು ಸಾವಿರ. ವ್ಯತ್ಯಾಸ ಎಲ್ಲಿಂದ ಬಂತು? ಕಿಲ್ಲಾರಿಯ ಗೋಡೆ ಎರಡು ಮೂರು ಅಡಿ ದಪ್ಪ, ಗುಂಡುಕಲ್ಲು, ನಡುವೆ ಕೆಸರು. ಮೇಲೆ ಮಣ್ಣಿನ ಮಾಳಿಗೆ. ಹೊತ್ತೂ ರಾತ್ರಿ. ಮಾಮಾ ಆಗ ಗಡಿ ಹಳ್ಳಿಯಲ್ಲಿ ಮೇಷ್ಟ್ರು. ಮೂರನೇ ದಿನ ಅಕ್ಕಿ, ಕಂಬಳಿ ಹೊತ್ತುಕೊಂಡು ಹೋಗಿದ್ದರು. "ಮನೆ ಅಂತ ಗುರುತು ಹಿಡಿಯೋಕೆ ಬಾಗಿಲ ಚೌಕಟ್ಟು ಒಂದೇ. ಕಲ್ಲು ಕಲ್ಲಿನ ಮೇಲೆ ಇರಲಿಲ್ಲ. ಇಲ್ಲಿ ನೋಡು, ಜನ ಅದನ್ನೇ ಕೂತು ಆರಿಸ್ತಿದ್ದಾರೆ. ಅಲ್ಲಿ ಊರನ್ನೇ ಬಿಡಿಸಿ ಬೇರೆ ಕಡೆ ಕಟ್ಟಿ ಕೊಟ್ರು. ಹಳೇ ಊರು ಹಾಗೇ ಗುಡ್ಡೆ ಬಿದ್ದುಕೊಂಡಿತ್ತು" ಅಂದರು.

ಆರಿಸುತ್ತಿದ್ದದ್ದು ನಿಜ. ಒಂದು ಅಂಗಳದಲ್ಲಿ ಅಜ್ಜ, ಅಜ್ಜಿ, ಸೊಸೆ ಕೂತಿದ್ದರು. ಅಜ್ಜಿ ಕುಡುಗೋಲಿನ ಬೆನ್ನಿಂದ ಇಟ್ಟಿಗೆಯ ಮಣ್ಣು ಕೆರೆಯುವುದು. ಮಣ್ಣಿನ ಗಾರೆ, ಪರಪರ ಉದುರುತ್ತದೆ. ಸಿಮೆಂಟ್ ಆಗಿದ್ದರೆ ಇಟ್ಟಿಗೆಯೇ ಒಡೆಯುತ್ತಿತ್ತು. ಅಜ್ಜ ಎರಡು ಇಟ್ಟಿಗೆ ಹಿಡಿದು ಒಂದಕ್ಕೊಂದು ಬಡಿದು ಕಿವಿ ಕೊಡುವುದು. ಟಣ್ ಅಂದರೆ ಬಲಕ್ಕೆ, ದಬ್ ಅಂದರೆ ಎಡಕ್ಕೆ. ನಮ್ಮ ಮೇಸ್ತ್ರಿಗಳೂ ಲೋಡ್ ಬಂದಾಗ ಹೀಗೇ ನೋಡುತ್ತಾರೆ. ನಾನೂ ಕೂತು ಎರಡು ಬಡಿದೆ. ಅಜ್ಜ ನನ್ನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ಬಡಿದು, ನಾನು ಬಲಕ್ಕೆ ಇಟ್ಟದ್ದನ್ನು ಎಡಕ್ಕೆ ಇಟ್ಟರು. ಸೊಸೆ ನಕ್ಕಳು. ಮಣ್ಣನ್ನೂ ಬಿಡುತ್ತಿರಲಿಲ್ಲ. ಜರಡಿ ಹಿಡಿದು ಬೇರೆ ರಾಶಿ. ಮತ್ತೆ ಕಟ್ಟುವಾಗ ನೀರು ಹಾಕಿ ತುಳಿದರೆ ಅದೇ ಗಾರೆ. ಚೂರುಗಳು ನೆಲಕ್ಕೆ. ತಗಡಿನ ಶೆಡ್ಡಿನೊಳಗೆ ಮಂಚದ ಕೆಳಗೆ ಕೆತ್ತನೆಯ ಕಿಟಕಿ, ಗೋಣಿಚೀಲ ಸುತ್ತಿ ಇಟ್ಟಿದ್ದರು. ಅದಕ್ಕೆ ಗಿರಾಕಿಗಳು ಬಂದಿದ್ದರಂತೆ. ಕೊಟ್ಟಿಲ್ಲ.

ಮಗ ಹಿಂದಿ ಚೆನ್ನಾಗಿ ಮಾತಾಡುತ್ತಿದ್ದ. ಮನೆ ಬಿದ್ದ ಬಗೆ ಅವನೇ ತೋರಿಸಿದ. ಅಜ್ಜನ ಕಾಲದ ಮನೆ, ಮೂವರು ಅಣ್ಣತಮ್ಮಂದಿರಿಗೆ ಪಾಲು. ಇಲ್ಲಿ ಪಾಲು ಅಂದರೆ ಮಹಡಿ ಲೆಕ್ಕ ಅಲ್ಲ. ಮೇಲಿಂದ ಕೆಳಗಿನ ತನಕ ಸೀಳಿ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ದೊಡ್ಡಪ್ಪ ತನ್ನ ಪಟ್ಟಿ ಕೆಡವಿ ಕಾಂಕ್ರೀಟ್ ಕಟ್ಟಿದರು. ಚಿಕ್ಕಪ್ಪನೂ ಅಷ್ಟೆ. ನಡುವೆ ಇವರದು ಹಳೇ ಇಟ್ಟಿಗೆ ಮನೆ, ಎರಡೂ ಕಡೆಯ ಗೋಡೆ ಕಳೆದುಕೊಂಡು. ನೆಲ ತೂಗಿದಾಗ ಆ ಕಡೆಯದು ಗುದ್ದಿತು, ಈ ಕಡೆಯದು ಗುದ್ದಿತು. "ಈಗ ಎಲ್ಲ ಹೇಳ್ತಾರೆ, ಹಳೇ ಮನೆ ವೀಕು, ಕಾಂಕ್ರೀಟ್ ಗಟ್ಟಿ ಅಂತ" ಅಂದ. ಈ ಸೀಳುವ ಕೆಲಸ ಆಗದಿದ್ದರೆ ಆ ಮನೆ ಇನ್ನೂ ನಿಂತಿರುತ್ತಿತ್ತೇನೋ. ನೂರು ವರ್ಷದಲ್ಲಿ ಅದು 1934ರದ್ದನ್ನೂ ನೋಡಿದ ಮನೆ.

ಸರ್ಕಾರ ತಾತ್ಕಾಲಿಕ ಶೆಡ್ಡಿಗೆ ಅಂತ 15,000 ನೇಪಾಳಿ ರೂಪಾಯಿ ಕೊಟ್ಟಿತ್ತು. ಮನೆ ಕಟ್ಟಲು ಇನ್ನೂ ಏನೂ ಬಂದಿರಲಿಲ್ಲ. ಪುನರ್ನಿರ್ಮಾಣ ಪ್ರಾಧಿಕಾರ ಅನ್ನುವುದು ಹುಟ್ಟಿದ್ದೇ ಡಿಸೆಂಬರ್ 25ರಂದು. ಅಂದರೆ ಭೂಕಂಪ ಆಗಿ ಎಂಟು ತಿಂಗಳಿಗೆ! ಆಮೇಲೆ ಮೂರು ಕಂತಲ್ಲಿ ಮೂರು ಲಕ್ಷ ಅಂತ ಆಯಿತು. ದೇಶದಲ್ಲಿ ಸುಮಾರು ಐದು ಲಕ್ಷ ಮನೆ ಪೂರ್ತಿ ಬಿದ್ದಿದ್ದವು. ಅದಕ್ಕಾಗೇ ಜನ ಸರ್ಕಾರಕ್ಕೆ ಕಾಯದೆ ಇಟ್ಟಿಗೆ ಆರಿಸುತ್ತಾ ಕೂತರು.

ಸಂಜೆ ಲಕ್ಷ್ಮೀ ಪೂಜೆ. ಕರೆಂಟ್ ಇರಲಿಲ್ಲ, ಹಣತೆ ಎಣ್ಣೆಗೂ ತತ್ವಾರ. ಆದರೂ ಓಣಿ ಬೆಳಗಿತು. ಇವರು ಹೊಸ್ತಿಲ ಹೊರಗಿನಿಂದ ಪೂಜೆಯ ಜಾಗದ ತನಕ ಕೆಮ್ಮಣ್ಣಿನಲ್ಲಿ ದಾರಿ ಬಳಿಯುತ್ತಾರೆ, ಲಕ್ಷ್ಮಿ ನಡೆದು ಬರಲಿ ಅಂತ. ಕೆಲವರ ದಾರಿ ಬಿದ್ದ ಮನೆಯ ಮುಂದಿನ ಕಲ್ಲಿನಿಂದ ಶುರುವಾಗಿ, ಇಟ್ಟಿಗೆ ಗುಡ್ಡೆ ಬಳಸಿಕೊಂಡು, ತಗಡಿನ ಶೆಡ್ಡಿಗೆ ಹೋಗಿತ್ತು. ನಮ್ಮ ಅಜ್ಜಿಯ ಸೊಸೆ ಬಳಿದ ದಾರಿಯಂತೂ ಆರಿಸಿಟ್ಟ ಇಟ್ಟಿಗೆ ಸಾಲನ್ನೂ ಹಾದು ಹೋಗಿತ್ತು. ಸೇಲ್ ರೊಟ್ಟಿ ಕೊಟ್ಟರು. ಅಕ್ಕಿ ಹಿಟ್ಟಿನದು, ಕೋಡುಬಳೆ ದೊಡ್ಡದಾದರೆ ಹೇಗೋ ಹಾಗೆ. ಮಾಮಾ ಮೂರು ತಿಂದರು.

ಗುರುವಾರ, ನವೆಂಬರ್ 12

ಬೆಳಿಗ್ಗೆ ಪಶುಪತಿ. ಗುಡಿಗೆ ಏನೂ ಆಗಿಲ್ಲ. ಸುತ್ತಲಿನ ಕೆಲವು ಸಣ್ಣ ಕಟ್ಟಡಗಳಿಗೆ ಪೆಟ್ಟಾಗಿತ್ತು. ಇಲ್ಲಿ ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರೇ. ಕರಾವಳಿ ಕಡೆಯವರು. ಇದು ಬಹಳ ಹಳೇ ಪದ್ಧತಿ. 2009ರಲ್ಲಿ ಮಾವೋವಾದಿ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಲು ಹೋಗಿ, ಗಲಾಟೆ ಆಗಿ, ಹಿಂದೆ ಸರಿಯಿತು. ಮಾಮಾಗೆ ಇದೆಲ್ಲ ಬಾಯಿಪಾಠ. ಸಾಲಲ್ಲಿ ಹಿಂದೆ ನಿಂತ ಶಿರಸಿಯ ದಂಪತಿಗೂ ಹೇಳಿದರು. ಅವರಿಗೆ ಮೊದಲೇ ಗೊತ್ತಿತ್ತು, ಪಾಪ ಸುಮ್ಮನೆ ಕೇಳಿಸಿಕೊಂಡರು. ಕೆಳಗೆ ಬಾಗ್ಮತಿಯ ಆರ್ಯಘಾಟ್. ಏಪ್ರಿಲ್ ಕೊನೆಯಲ್ಲಿ ಇಲ್ಲಿ ಹೆಣ ಸುಡಲು ಜಾಗ ಸಾಲದೆ ದಡದುದ್ದಕ್ಕೂ ಚಿತೆ ಹಚ್ಚಿದ್ದರು. ಹರಕೆ ತೀರಿತು. ಮಾಮಾ ಆಮೇಲೆ ಆ ದಿನ ಜಾಸ್ತಿ ಮಾತಾಡಲಿಲ್ಲ.

ಮಧ್ಯಾಹ್ನ ಪಾಟನ್. ಚಾರ್ ನಾರಾಯಣ, ಹರಿಶಂಕರ, ಎರಡೂ ಗುಡಿ ಇಲ್ಲ. ರಾಜ ಯೋಗನರೇಂದ್ರ ಮಲ್ಲನ ಲೋಹದ ಮೂರ್ತಿ ಎತ್ತರದ ಕಂಬದಿಂದ ಬಿದ್ದಿತ್ತು. 1637ರ ಕಲ್ಲಿನ ಕೃಷ್ಣ ಮಂದಿರ ನಿಂತಿದೆ. ಭಕ್ತಪುರದ ಕಲ್ಲಿನ ಗುಡಿ ಬಿತ್ತು, ಇಲ್ಲಿಯದು ಉಳಿಯಿತು. ಒಂದೇ ಸಾಲಿನ ತೀರ್ಪು ಕೊಡುವವರು ಇವೆರಡನ್ನೂ ಒಟ್ಟಿಗೆ ನೋಡಬೇಕು. ಕಣಿವೆಯ ಹಳೇ ಜನ ನೇವಾರರಿಗೆ ಆ ದಿನ ಹೊಸ ವರ್ಷ, ನೇಪಾಳ ಸಂವತ್ 1136. ಪೆಟ್ರೋಲ್ ಇಲ್ಲದಿದ್ದರೂ ಹುಡುಗರ ಬೈಕ್ ರ‍್ಯಾಲಿ ಇತ್ತು. ಎಲ್ಲಿಂದ ತಂದರೋ!

ಶುಕ್ರವಾರ, ನವೆಂಬರ್ 13

ಭಾಯಿ ಟೀಕಾ. ಅಂಗಡಿಗಳೆಲ್ಲ ಬಾಗಿಲು. ಅಣ್ಣತಮ್ಮಂದಿರು ಹಣೆಗೆ ಏಳು ಬಣ್ಣದ ತಿಲಕ ಹಾಕಿಸಿಕೊಂಡು ಅಕ್ಕತಂಗಿಯರ ಮನೆಗೆ ಓಡಾಡುತ್ತಿದ್ದರು. ಸಂಜೆಯ ವಿಮಾನ. ಮಾಮಾ ಮಲಗಲಿ ಅಂತ ಬಿಟ್ಟು ನಾನು ಗೊಂಗಬು ಕಡೆ ನಡೆದೆ. ಹೊಸ ಬಸ್ ನಿಲ್ದಾಣದ ಪಕ್ಕದ ಏರಿಯಾ, ಲಾಡ್ಜುಗಳೇ ಜಾಸ್ತಿ. ಕಾಠ್ಮಂಡುವಿನಲ್ಲಿ ಕಾಂಕ್ರೀಟ್ ಕಟ್ಟಡಗಳು ಬಿದ್ದದ್ದು ಮುಖ್ಯವಾಗಿ ಇಂಥ ಕಡೆ. ಐದು ದಿನ ಆದ ಮೇಲೆ 15 ವರ್ಷದ ಹುಡುಗನೊಬ್ಬನನ್ನು ಜೀವಂತ ಹೊರಗೆ ತೆಗೆದದ್ದು ಇಲ್ಲೇ, ಒಂದು ಗೆಸ್ಟ್ ಹೌಸಿನ ಸ್ಲ್ಯಾಬುಗಳ ಕೆಳಗಿಂದ.

ಕೆಳಗೆ ಶಟರ್ ಅಂಗಡಿಗಳು, ಗೋಡೆಯೇ ಇಲ್ಲ. ಮೇಲೆ ನಾಲ್ಕೈದು ಮಹಡಿ, ಒಂದೊಂದೂ ರಸ್ತೆ ಕಡೆ ಮೂರು ಅಡಿ ಚಾಚಿಕೊಂಡು. ಒಂಬತ್ತಿಂಚು ಚೌಕದ ಕಾಲಂಗಳು. ಅಲುಗಿದಾಗ ಮೇಲಿನದೆಲ್ಲ ಒಂದೇ ಗಟ್ಟಿಯಾಗಿ ನಿಂತು, ಕೆಳಗಿನ ಮಹಡಿ ಮಂಡಿ ಮುರಿದು ಕೂತಿತು. ನಮ್ಮ ಊರುಗಳಲ್ಲಿ ಕೆಳಗೆ ಬರೀ ಪಾರ್ಕಿಂಗ್ ಬಿಟ್ಟು ಮೇಲೆ ಮನೆ ಎಬ್ಬಿಸುತ್ತೇವಲ್ಲ, ಲೆಕ್ಕ ಅದೇ. ನಿಂತ ಕಟ್ಟಡಗಳ ಗೋಡೆಯಲ್ಲೂ ಕಿಟಕಿ ನಡುವೆ ದೊಡ್ಡ ಕತ್ತರಿ ಗುರುತಿನ ಬಿರುಕು. ಆ ಕಡೆ ಎಳೆದಾಗ ಒಂದು ಗೆರೆ, ಈ ಕಡೆ ಎಳೆದಾಗ ಇನ್ನೊಂದು. ಕೆಲವರು ಅದಕ್ಕೆ ಸಿಮೆಂಟ್ ಮೆತ್ತಿ, ಸುಣ್ಣ ಹೊಡೆದು, ಬಾಡಿಗೆಗೆ ಬೋರ್ಡ್ ಹಾಕಿದ್ದರು. ಭಕ್ತಪುರದ ಅಜ್ಜಿ ಮೇಲಿನ ಮರ್ಯಾದೆ ನನಗೆ ಇವರ ಮೇಲೆ ಬರಲಿಲ್ಲ.

ಒಂದು ಕಡೆ ಹಬ್ಬದ ದಿನವೂ ಕೆಲಸ ನಡೆದಿತ್ತು. ತರಾಯಿ ಕಡೆಯಿಂದ ಬಂದ ಕೂಲಿಗಳು, ಗಡಿ ಬಂದ್ ಆಗಿ ಊರಿಗೆ ಹೋಗಲಾಗದವರು. ಸುತ್ತಿಗೆಯಿಂದ ಸ್ಲ್ಯಾಬ್ ಒಡೆದು ಕಂಬಿ ಬಿಡಿಸುವುದು, ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು. ಕಾಂಕ್ರೀಟಿನ ರಾಶಿಯಲ್ಲಿ ವಾಪಸ್ ಸಿಗುವುದು ಅದೊಂದೇ. ಉಳಿದದ್ದು ಟಿಪ್ಪರಿಗೆ. ಮುರಿದ ಕಾಲಮ್ಮೊಂದನ್ನು ಬಗ್ಗಿ ನೋಡಿದೆ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳು ಅಂಗೈ ಅಗಲಕ್ಕಿಂತ ದೂರ ದೂರ. ಅವುಗಳ ಕೊಕ್ಕೆ ಬರೀ ಮೂಲೆಗೆ ಮಡಿಚಿದ್ದು, 90 ಡಿಗ್ರಿ. ಕಾಲಂ ಹಿಸುಕಿದಾಗ ಕೊಕ್ಕೆ ಬಿಚ್ಚಿಕೊಂಡಿದೆ, ಒಳಗಿನ ಉದ್ದ ಕಂಬಿಗಳು ಹೊರಗೆ ಉಬ್ಬಿವೆ. ಕೊಕ್ಕೆ ಒಳಮುಖಕ್ಕೆ 135 ಡಿಗ್ರಿ ಬಗ್ಗಬೇಕು. ನಮ್ಮ ಭಾರತದ ಕೋಡಿನಲ್ಲೂ, ಅಂದರೆ ಕಟ್ಟಡದ ನಿಯಮದಲ್ಲೂ, 1993ರಿಂದ ಅದೇ ಬರೆದಿದೆ. ಬಗ್ಗಿಸಲು ಮೇಸ್ತ್ರಿಗೆ ಒಂದೊಂದು ರಿಂಗಿಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ, ಬೈದುಕೊಳ್ಳುತ್ತಾನೆ.

ಪಕ್ಕದ ಸೈಟಿನಲ್ಲಿ ಹೊಸ ಕಾಲಂ ಕಟ್ಟುತ್ತಿದ್ದರು. ಹನ್ನೆರಡು ಇಂಚಿನದು. ಭೂಕಂಪದ ಮೇಲೆ ಹನ್ನೆರಡಕ್ಕಿಂತ ಕಡಿಮೆ ಕೇಳುವವರೇ ಇಲ್ಲವಂತೆ. ರಿಂಗು ನೋಡಿದೆ. ಕೊಕ್ಕೆ 90ಕ್ಕೇ ಇತ್ತು. ಮೇಸ್ತ್ರಿಯನ್ನು "ದಾಜು" (ಅಣ್ಣಾ) ಅಂತ ಕರೆದು ಕೈಯಲ್ಲೇ ಬಗ್ಗಿಸಿ ತೋರಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೊತ್ತು. ಟ್ರೈನಿಂಗಲ್ಲಿ ಹೇಳಿದ್ದಾರೆ. ಮಾಲೀಕ ರಿಂಗಿನ ಲೆಕ್ಕದಲ್ಲಿ ಕೂಲಿ ಕೊಡ್ತಾನೆ, ನೀವು ಎಷ್ಟು ಕೊಡ್ತೀರಿ ನಿಮ್ಮೂರಲ್ಲಿ?" ಅಂದ. ದಿನಗೂಲಿ ಅಂದೆ. "ಹಾಗಿದ್ರೆ ನಾನೂ ಬಗ್ಗಿಸ್ತೀನಿ" ಅಂದ. ಆದರೂ ಕೆಳಗಿನ ನಾಲ್ಕು ರಿಂಗು, ನಾನು ನಿಂತಿದ್ದೇನೆ ಅಂತಲೋ ಏನೋ, ಒಳಕ್ಕೆ ಬಗ್ಗಿಸಿದ. ಅಷ್ಟರಲ್ಲಿ ಮಾಮಾ ಫೋನು. ಟ್ಯಾಕ್ಸಿಯವನು ಸಿಕ್ಕಿದ್ದಾನೆ, ಇಂಡಿಯಾ ದುಡ್ಡಲ್ಲಿ ಕೇಳ್ತಿದ್ದಾನೆ, ಬೇಗ ಬಾ, ಇವನೂ ಹೋದರೆ ಇನ್ನೊಬ್ಬ ಸಿಗಲ್ಲ ಅಂತ.